ವಾಹನ ವಿಚಾರ: ರೇಡಿಯೇಟರ್ ಫ್ಯಾನಿನ ಆಯ್ಕೆ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು 2002ರ ಮಾರುತಿ 800. ಆಗುಂಬೆ ಘಾಟಿಯನ್ನು ನಿಧಾನವಾಗಿ ಹತ್ತುವಾಗಲೂ ಶಿವಮೊಗ್ಗದ ಸಿಗ್ನಲ್‌ಗಳಲ್ಲಿ ನಿಂತಾಗಲೂ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗುತ್ತದೆ, ಹೆದ್ದಾರಿಯಲ್ಲಿ ತೊಂದರೆಯಿಲ್ಲ. ಗ್ಯಾರೇಜಿನವರು ಹೆಚ್ಚು ರೆಕ್ಕೆಗಳಿರುವ, ಜಾಸ್ತಿ ಗಾಳಿ ಎಳೆಯುವ ಹೊಸ ಫ್ಯಾನು ಹಾಕಿ ಇಗ್ನಿಷನ್‌ನಿಂದ (ಕೀಲಿಯ ಸ್ವಿಚ್‌ನಿಂದ) ಕರೆಂಟನ್ನು ಡೈರೆಕ್ಟ್ ಕೊಡೋಣ ಎನ್ನುತ್ತಾರೆ. ಒಪ್ಪಬಹುದೇ? – ತೀರ್ಥಹಳ್ಳಿಯ ಓದುಗರು

ಉತ್ತರ: ನೀವು ಬರೆದಿರುವ ಲಕ್ಷಣಗಳು ಫ್ಯಾನಿನತ್ತಲೇ ಬೊಟ್ಟು ಮಾಡುತ್ತವೆ. ಕಾರು ಗಂಟೆಗೆ 50–60 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುವುದರಿಂದ ಫ್ಯಾನಿನ ನೆರವು ಹೆಚ್ಚು ಬೇಕಾಗುವುದಿಲ್ಲ. ನಿಂತಾಗ ಮತ್ತು ಘಾಟಿಯಲ್ಲಿ ತೆವಳುವಾಗ ಮಾತ್ರ ಅದರ ನಿಜವಾದ ಕೆಲಸ. ಹೆದ್ದಾರಿಯಲ್ಲಿಯೇ ಮುಳ್ಳು ಏರುತ್ತಿದ್ದರೆ ಕಟ್ಟಿಕೊಂಡ ರೇಡಿಯೇಟರ್, ಸಿಕ್ಕಿಕೊಂಡ ಥರ್ಮೋಸ್ಟಾಟ್ ವಾಲ್ವ್ (ಎಂಜಿನ್ ಬೆಚ್ಚಗಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಕವಾಟ), ಕಡಿಮೆಯಾದ ಕೂಲೆಂಟ್ (ತಣಿಸುವ ದ್ರವ) ಅಥವಾ ಸವೆದ ವಾಟರ್ ಪಂಪನ್ನು ಮೊದಲು ನೋಡಿ ಎಂದು ಹೇಳುತ್ತಿದ್ದೆ.

ಆದರೂ ಹೊಸ ಫ್ಯಾನಿಗೆ ದುಡ್ಡು ಕೊಡುವ ಮುನ್ನ ಹಳೆಯದು ನಿಜವಾಗಿಯೂ ಕೆಟ್ಟಿದೆಯೇ ಎಂದು ತಿಳಿದುಕೊಳ್ಳಿ. ಫ್ಯಾನಿನ ಕನೆಕ್ಟರ್ ಬಿಚ್ಚಿ, ಫ್ಯೂಸ್ ಇರುವ ತಂತಿಯ ಮೂಲಕ ಬ್ಯಾಟರಿಯಿಂದ ನೇರವಾಗಿ ಕರೆಂಟ್ ಕೊಟ್ಟಾಗ ಅದು ಜೋರಾಗಿ ತಿರುಗಿದರೆ ಮೋಟಾರು ಸರಿಯಾಗಿದೆ, ದೋಷ ಥರ್ಮೋ ಸ್ವಿಚ್ (ಕೂಲೆಂಟ್ ಬಿಸಿಯಾದಾಗ ಫ್ಯಾನನ್ನು ಶುರು ಮಾಡಿಸುವ ಸ್ವಿಚ್), ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆಡಿಸುವ ಸ್ವಿಚ್), ಫ್ಯೂಸ್ ಅಥವಾ ತಂತಿಯಲ್ಲಿದೆ ಎಂದರ್ಥ. ಮೋಟಾರನ್ನು ಮೆಲ್ಲಗೆ ತಟ್ಟಿದ ಮೇಲೆ ಮಾತ್ರ ತಿರುಗುವುದಾದರೆ ಒಳಗಿನ ಕಾರ್ಬನ್ ಬ್ರಷ್ ಸವೆದಿರುವ ಸಾಧ್ಯತೆ ಹೆಚ್ಚು. ಇನ್ನೊಂದು ಪರೀಕ್ಷೆಯನ್ನು ಗ್ಯಾರೇಜುಗಳಲ್ಲಿ ಮಾಡುವುದು ಅಪರೂಪ, ಆದರೆ ಬಹಳ ಉಪಯುಕ್ತ: ಕಾರಿನ ಸ್ವಂತ ವೈರಿಂಗ್‌ನಲ್ಲಿಯೇ ಫ್ಯಾನು ತಿರುಗುತ್ತಿರುವಾಗ ಮಲ್ಟಿಮೀಟರಿನಿಂದ ಬ್ಯಾಟರಿಯ ವೋಲ್ಟೇಜನ್ನೂ ಫ್ಯಾನಿನ ಕನೆಕ್ಟರಿನಲ್ಲಿರುವ ವೋಲ್ಟೇಜನ್ನೂ ಅಳೆಯಿರಿ. ಎರಡರ ನಡುವೆ ಅರ್ಧ ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ತುಕ್ಕು ಹಿಡಿದ ಅರ್ತಿಂಗ್ ಅಥವಾ ಸುಟ್ಟ ಟರ್ಮಿನಲ್ ಕರೆಂಟನ್ನು ನುಂಗುತ್ತಿದೆ. ಅದನ್ನು ಸರಿಪಡಿಸದೆ ಹಾಕುವ ಹೊಸ ಫ್ಯಾನೂ ಸೊರಗಿಯೇ ತಿರುಗುತ್ತದೆ.

ಮೋಟಾರು ಹೋಗಿದೆ ಎಂದು ಖಚಿತವಾದರೆ ನಿಮ್ಮ ಮಾದರಿಗೆಂದೇ ಮಾಡಿದ ಫ್ಯಾನನ್ನು ಶ್ರೌಡ್ (ಫ್ಯಾನಿನ ಸುತ್ತ ರೇಡಿಯೇಟರಿಗೆ ಹೊಂದಿಕೊಂಡು ಕೂರುವ ಕವಚ) ಸಮೇತ ಕೊಳ್ಳಿ. ರೆಕ್ಕೆಗಳ ಎಣಿಕೆಯಿಂದ ಫ್ಯಾನಿನ ಶಕ್ತಿ ತಿಳಿಯುವುದಿಲ್ಲ. ಪೆಟ್ಟಿಗೆಯ ಮೇಲೆ ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ ಎಂದು ಅಚ್ಚಾಗಿರುವ ಅಂಕಿಯನ್ನೂ ಹಾಗೆಯೇ ನಂಬಬಾರದು, ಏಕೆಂದರೆ ಅದನ್ನು ಹಲವು ವೇಳೆ ಎದುರಿಗೆ ರೇಡಿಯೇಟರಿನ ಅಡ್ಡಿಯಿಲ್ಲದೆ ಅಳೆದಿರುತ್ತಾರೆ. ಮೋಟಾರು ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ಕೇಳುವುದು ಹೆಚ್ಚು ಭರವಸೆಯ ದಾರಿ. 12 ವೋಲ್ಟ್‌ನಲ್ಲಿ 10 ಆಂಪಿಯರ್ ಎಳೆಯುವ ಮೋಟಾರು ಬಳಸುವುದು 120 ವ್ಯಾಟ್; ಅದರರ್ಧ ಕರೆಂಟ್ ಎಳೆಯುವ ಫ್ಯಾನು ಅದಕ್ಕಿಂತ ಎರಡು ಪಟ್ಟು ಗಾಳಿ ಕೊಡುತ್ತದೆ ಎಂದು ಅಂಗಡಿಯವರು ಹೇಳಿದರೆ ಆ ಮಾತನ್ನು ಬಿಟ್ಟುಬಿಡಿ.

ಶ್ರೌಡ್ ಬಗ್ಗೆ ನಮ್ಮಲ್ಲಿ ಅಸಡ್ಡೆ ಹೆಚ್ಚು. ರಿಪೇರಿಗೆ ಬಿಚ್ಚಿದ ಕವಚ ಮರಳಿ ಕೂರದೆ ಮೂಲೆ ಸೇರುವುದುಂಟು. ರೇಡಿಯೇಟರ್ ಸರಿಯಾಗಿ ಚೌಕವಾಗಿದ್ದರೂ ಅದರೊಳಗೆ ಹಿಡಿಸುವ ಅತಿ ದೊಡ್ಡ ವೃತ್ತವು ಶೇ. 78ರಷ್ಟು ಭಾಗವನ್ನು ಮಾತ್ರ ಮುಚ್ಚುತ್ತದೆ. ಶ್ರೌಡ್ ಇಲ್ಲದಿದ್ದರೆ ಮೂಲೆಗಳಲ್ಲಿ ಗಾಳಿ ಸರಿಯಾಗಿ ಆಡುವುದಿಲ್ಲ. ಜೊತೆಗೆ, ಎಂಜಿನ್ ಕಡೆಯ ಬಿಸಿಗಾಳಿಯನ್ನೇ ರೆಕ್ಕೆಗಳು ಅಂಚಿನಿಂದ ಮತ್ತೆ ಎಳೆದುಕೊಳ್ಳುತ್ತವೆ. ಚಿಕ್ಕ ಫ್ಯಾನು ಶ್ರೌಡ್ ಸಮೇತ ಇರುವುದು ದೊಡ್ಡ ಫ್ಯಾನು ಬರಿದೇ ಇರುವುದಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

ಇನ್ನು ಡೈರೆಕ್ಟ್ ಕೊಡುವ ವಿಚಾರಕ್ಕೆ ದಯವಿಟ್ಟು ಒಪ್ಪಬೇಡಿ. ಫ್ಯಾನಿನ ಮೋಟಾರು ಶುರುವಾಗುವ ಕ್ಷಣದಲ್ಲಿ ತನ್ನ ಮಾಮೂಲಿ ಕರೆಂಟಿನ ಎರಡು ಮೂರು ಪಟ್ಟು ಎಳೆಯುತ್ತದೆ. ಅಷ್ಟು ಹೊರೆಯನ್ನು ಹೆಚ್ಚುವರಿಯಾಗಿ ಹೊರಲು ಮಾಡಿರದ ಇಗ್ನಿಷನ್ ಸ್ವಿಚ್‌ನ ಮೂಲಕ ಅದನ್ನು ಹರಿಸಿದರೆ ಒಳಗಿನ ಕಾಂಟ್ಯಾಕ್ಟ್‌ಗಳು ಸುಡುತ್ತವೆ, ತಂತಿ ಕಾದು ಬೆಂಕಿ ಹೊತ್ತುವ ಅಪಾಯವೂ ಇದೆ. ಬ್ಯಾಟರಿಯಿಂದ ಫ್ಯೂಸ್ ಮೂಲಕ ರಿಲೇಗೆ, ಅಲ್ಲಿಂದ ಫ್ಯಾನಿಗೆ ಕರೆಂಟ್ ಹೋಗಬೇಕು. ಥರ್ಮೋ ಸ್ವಿಚ್ ರಿಲೇಯನ್ನು ಮಾತ್ರ ಆಡಿಸಬೇಕು. 10 ಆಂಪಿಯರ್ ಫ್ಯಾನಿಗೆ 15 ಆಂಪಿಯರ್ ಫ್ಯೂಸ್, 30 ಆಂಪಿಯರ್ ರಿಲೇ ಮತ್ತು 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಸಾಕಾಗುತ್ತದೆ. ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರವಿರಲಿ. ಡೈರೆಕ್ಟ್ ಕೊಡುವವರು ಹಲವು ಸಲ ಥರ್ಮೋಸ್ಟಾಟ್ ವಾಲ್ವನ್ನೂ ಕಿತ್ತುಬಿಡುತ್ತಾರೆ. ಆಗ ಎಂಜಿನ್ ಬೇಕಾದಷ್ಟು ಬೆಚ್ಚಗಾಗದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ ಮತ್ತು ಬೇಗ ಸವೆಯುತ್ತದೆ.

ಪ್ರಶ್ನೆ: ನಮ್ಮ ತಂದೆಯವರ ಹಳೆಯ ಅಂಬಾಸಿಡರ್ ಕಾರಿನಲ್ಲಿ ಬೆಲ್ಟ್‌ನಿಂದ ತಿರುಗುವ ಕಬ್ಬಿಣದ ಫ್ಯಾನಿದೆ. ಅದನ್ನು ತೆಗೆದು ಎಲೆಕ್ಟ್ರಿಕ್ ಫ್ಯಾನು ಹಾಕಿಸಬಹುದೇ? – ಮೈಸೂರಿನ ಓದುಗರು

ಉತ್ತರ: ಹಾಕಿಸಬಹುದು, ಲಾಭವೂ ಇದೆ. ಬೆಲ್ಟ್ ಫ್ಯಾನಿನ ವೇಗ ಎಂಜಿನ್ ವೇಗವನ್ನೇ ಅವಲಂಬಿಸಿರುವುದರಿಂದ, ದಸರೆಯ ದಟ್ಟಣೆಯಲ್ಲಿ ನಿಂತು ಗಾಳಿ ಹೆಚ್ಚು ಬೇಕಾದ ಹೊತ್ತಿಗೇ ಅದು ನಿಧಾನವಾಗಿ ತಿರುಗುತ್ತದೆ. ಆದರೆ ಮೊದಲು ಕಾರಿನಲ್ಲಿರುವುದು ಡೈನಮೋನೋ ಆಲ್ಟರ್ನೇಟರೋ ನೋಡಿ. ಐಡ್ಲಿಂಗ್‌ನಲ್ಲಿ ಡೈನಮೋ ಬಹುತೇಕ ಏನನ್ನೂ ಕೊಡುವುದಿಲ್ಲ. ಆಗ ಫ್ಯಾನು, ಹೆಡ್‌ಲೈಟ್, ವೈಪರ್ ಎಲ್ಲವೂ ಬ್ಯಾಟರಿಯನ್ನೇ ಬರಿದು ಮಾಡುತ್ತವೆ. ಆಲ್ಟರ್ನೇಟರ್ ಇಲ್ಲದಿದ್ದರೆ ಈ ಬದಲಾವಣೆ ಬೇಡ.

ರೇಡಿಯೇಟರಿನ ಹಿಂದೆ, ವಾಟರ್ ಪಂಪಿನ ಪುಲ್ಲಿಗೆ ತಾಗದಂತೆ ಜಾಗವಿದ್ದರೆ ಗಾಳಿಯನ್ನು ಹಿಂದಕ್ಕೆ ಎಳೆಯುವ ಬಗೆಯ ಫ್ಯಾನನ್ನೇ ಆರಿಸಿ. ಮುಂದೆ ಕೂತು ತಳ್ಳುವ ಬಗೆಯದು ಕಾರು ಓಡುವಾಗ ಎದುರುಗಾಳಿಗೆ ತಾನೇ ಅಡ್ಡವಾಗುತ್ತದೆ. ಎಳೆಯುವ ಫ್ಯಾನಿನ ತಂತಿಗಳನ್ನು ಅದಲುಬದಲು ಮಾಡಿದರೆ ತಳ್ಳುವ ಫ್ಯಾನಾಗುತ್ತದೆ ಎಂದು ಹೇಳುವವರಿದ್ದಾರೆ. ದಿಕ್ಕು ಬದಲಾಗುತ್ತದೆ ನಿಜ, ಆದರೆ ರೆಕ್ಕೆಯ ಬಾಗು ಹಾಗೆಯೇ ಉಳಿಯುವುದರಿಂದ ಗಾಳಿ ಗಣನೀಯವಾಗಿ ಕಡಿಮೆಯಾಗುತ್ತದೆ. ಜೋಡಿಸಿದ ಮೇಲೆ ರೇಡಿಯೇಟರಿನ ಮುಂಭಾಗಕ್ಕೆ ತೆಳುವಾದ ಕಾಗದವೊಂದನ್ನು ಹಿಡಿದು, ಅದು ಅಂಟಿಕೊಂಡು ನಿಲ್ಲುತ್ತದೆಯೇ ನೋಡಿ. ಹಾರಿಹೋದರೆ ಫ್ಯಾನು ತಿರುವುಮುರುವಾಗಿ ತಿರುಗುತ್ತಿದೆ.

ರೇಡಿಯೇಟರಿನ ಜಾಲದ ನಡುವೆ ಪ್ಲಾಸ್ಟಿಕ್ ಕಡ್ಡಿ ತೂರಿಸಿ ಫ್ಯಾನು ಕಟ್ಟುವ ವಿಧಾನ ಸುಲಭ, ಆದರೆ ಕಾರಿನ ಅದುರಿಗೆ ಆ ಕಡ್ಡಿಗಳು ನಳಿಗೆಗಳನ್ನು ಉಜ್ಜಿ ತೂತು ಮಾಡಬಲ್ಲವು. ಪಕ್ಕದ ಚೌಕಟ್ಟಿಗೆ ಪಟ್ಟಿ ಕೂರಿಸಿ ಬೋಲ್ಟ್ ಹಾಕಿಸಿ. ಕಬ್ಬಿಣದ ಫ್ಯಾನನ್ನೇ ಉಳಿಸಿಕೊಳ್ಳುವುದಾದರೆ ರೆಕ್ಕೆಗಳ ಬುಡದಲ್ಲೂ ರಿವೆಟ್‌ಗಳ ಸುತ್ತಲೂ ಬಿರುಕಿದೆಯೇ ಎಂದು ಬೆಳಕು ಬಿಟ್ಟು ನೋಡಿಸಿ. ಕಳಚಿದ ರೆಕ್ಕೆ ರೇಡಿಯೇಟರನ್ನು ಸೀಳುತ್ತದೆ, ಬಾನೆಟ್ ತೆರೆದಿದ್ದರೆ ಮನುಷ್ಯರಿಗೂ ತಗಲುತ್ತದೆ. ಎಕ್ಸಲರೇಟರ್ ಒತ್ತಿ ಪರೀಕ್ಷಿಸುವಾಗ ಯಾರೂ ಫ್ಯಾನಿನ ಸಾಲಿನಲ್ಲಿ ನಿಲ್ಲಬಾರದು.

ಪ್ರಶ್ನೆ: ಪ್ಲಾಸ್ಟಿಕ್ ಫ್ಯಾನಿನ ಒಂದು ರೆಕ್ಕೆ ಸೀಳಿದೆ. ಎಂ-ಸೀಲ್ ಹಚ್ಚಿದರೆ ಸಾಕೇ? – ಹಾವೇರಿಯ ಓದುಗರು

ಉತ್ತರ: ಸಾಲದು. ಅಂಟಿದ ಭಾಗದ ತೂಕದಿಂದ ಸಮತೋಲ ತಪ್ಪಿ ಮೋಟಾರಿನ ಬೇರಿಂಗ್ ಹಾಳಾಗುತ್ತದೆ, ಬಿರುಕೂ ಬೆಳೆಯುತ್ತದೆ. ರೆಕ್ಕೆಗಳ ಬಿಡಿಭಾಗ ಪ್ರತ್ಯೇಕವಾಗಿ ಸಿಕ್ಕರೆ ಅದನ್ನು, ಸಿಗದಿದ್ದರೆ ಇಡೀ ಫ್ಯಾನನ್ನು ಬದಲಿಸಿ.

ಪ್ರಶ್ನೆ: ಕಾರು ನಿಲ್ಲಿಸಿ ಕೀಲಿ ತೆಗೆದ ಮೇಲೂ ಫ್ಯಾನು ತಿರುಗುತ್ತದೆ. ಇದು ದೋಷವೇ? – ಬಳ್ಳಾರಿಯ ಓದುಗರು

ಉತ್ತರ: ಹಲವು ಕಾರುಗಳಲ್ಲಿ ಅದನ್ನು ಹಾಗೆಯೇ ರೂಪಿಸಿರುತ್ತಾರೆ, ನಿಂತ ಎಂಜಿನ್ನಿನ ಉಳಿದ ಬಿಸಿಗೆ ಫ್ಯಾನು ಕೆಲವು ನಿಮಿಷ ತಿರುಗಿ ನಿಲ್ಲುತ್ತದೆ. ನಿಂತಿರುವ ಫ್ಯಾನು ಎಚ್ಚರಿಕೆಯಿಲ್ಲದೆ ಶುರುವಾಗಲೂಬಹುದು. ಆದ್ದರಿಂದ ಅದರ ಬಳಿ ಕೈ ಹಾಕುವ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ; ಸೆರಗು, ದುಪಟ್ಟಾ, ಶಲ್ಯ ಹತ್ತಿರ ಸುಳಿಯದಿರಲಿ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳವನ್ನು ತೆರೆಯಲೇಬೇಡಿ. ಒತ್ತಡದಲ್ಲಿರುವ ನೀರು 100 ಡಿಗ್ರಿಗೂ ಹೆಚ್ಚು ಬಿಸಿಯಿದ್ದು ಚಿಮ್ಮುತ್ತದೆ. ಬೆಳಗ್ಗೆ ತಣ್ಣಗಿರುವ ಎಂಜಿನ್ನಿನಲ್ಲೂ ಫ್ಯಾನು ತಾನೇ ತಿರುಗುತ್ತಿದ್ದರೆ ರಿಲೇ ಅಂಟಿಕೊಂಡಿರಬಹುದು ಅಥವಾ ಥರ್ಮೋ ಸ್ವಿಚ್ ಕೆಟ್ಟಿರಬಹುದು. ಬ್ಯಾಟರಿ ಬರಿದಾಗದಂತೆ ಫ್ಯಾನಿನ ಫ್ಯೂಸ್ ತೆಗೆದಿಟ್ಟು ಆಟೋ ಎಲೆಕ್ಟ್ರಿಷಿಯನ್ ಅವರನ್ನು ಕರೆಸಿ, ಮತ್ತು ಫ್ಯೂಸನ್ನು ಮರಳಿ ಹಾಕುವವರೆಗೆ ಕಾರನ್ನು ಹೊರಗೆ ತೆಗೆಯಬೇಡಿ.