ಜೇಡ್ ಗಿಡದ ಕುಂಡವನ್ನು ಮಳೆಗಾಲದಲ್ಲಿ ಬದಲಿಸಬಹುದೇ?

ನಮಸ್ಕಾರ. ಬೆಂಗಳೂರಿನ ನಿಮ್ಮ ಬಾಲ್ಕನಿಯಲ್ಲಿರುವ ಜೇಡ್ ಗಿಡದ ಕೆಳಗಿನ ಎಲೆಗಳು ಉದುರುತ್ತಿವೆ, ಅದನ್ನು 6 ಇಂಚಿನ ಪ್ಲಾಸ್ಟಿಕ್ ಕುಂಡದಿಂದ 12 ಇಂಚಿನ ಸೆರಾಮಿಕ್ ಕುಂಡಕ್ಕೆ ಈ ಜುಲೈ ತಿಂಗಳಲ್ಲೇ ಬದಲಿಸಬಹುದೇ ಎಂದು ಕೇಳಿದ್ದೀರಿ. ಬೇರು ಚೆನ್ನಾಗಿದ್ದರೆ ಈಗ ಬೇಡ, ಫೆಬ್ರವರಿಯವರೆಗೆ ಕಾಯಿರಿ. ಬೇರು ಕೊಳೆಯುತ್ತಿದ್ದರೆ ಇವತ್ತೇ ತೆಗೆಯಿರಿ. 12 ಇಂಚಿನ ಕುಂಡವಂತೂ ಎರಡೂ ಸಂದರ್ಭಗಳಲ್ಲಿ ಬೇಡ.

ಎಲೆ ಉದುರುವುದನ್ನು ಕಂಡ ಕೂಡಲೇ ಕುಂಡ ಚಿಕ್ಕದಾಗಿದೆ ಎಂಬ ತೀರ್ಮಾನಕ್ಕೆ ಬರಬಾರದು. ಉದುರಿದ ಎಲೆಯೊಂದನ್ನು ಬೆರಳುಗಳ ನಡುವೆ ಹಿಡಿದು ನೋಡಿ. ಅದು ತೆಳುವಾಗಿ, ಸುಕ್ಕುಗಟ್ಟಿ, ಬಾಗಿಸಿದರೆ ಮುರಿಯದೆ ಬಳುಕುವಂತಿದ್ದರೆ ಗಿಡಕ್ಕೆ ನೀರು ಸಾಲುತ್ತಿಲ್ಲ. ಹಳದಿಯಾಗಿ, ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಂಡು, ಒತ್ತಿದರೆ ನೀರು ಜಿನುಗುವಂತಿದ್ದರೆ ನೀರು ಹೆಚ್ಚಾಗಿದೆ. ಆದರೆ ಬೇರು ಕೊಳೆತ ಗಿಡಕ್ಕೆ ನೀರನ್ನು ಹೀರಲಾಗದೆ ಅದರ ಎಲೆಯೂ ಸುಕ್ಕುಗಟ್ಟುವುದರಿಂದ, ಮಣ್ಣನ್ನೂ ಕಾಂಡವನ್ನೂ ನೋಡದೆ ನಿರ್ಧರಿಸುವಂತಿಲ್ಲ. ಒಂದು ಒಣ ಬಿದಿರು ಕಡ್ಡಿಯನ್ನು ಕುಂಡದ ತಳ ಮುಟ್ಟುವವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಹೊರತೆಗೆಯಿರಿ. ಮೇಲ್ಮಣ್ಣು ಒಣಗಿದ್ದರೂ ಕಡ್ಡಿಯ ತುದಿ ತೇವವಾಗಿ ಬರಬಹುದು. ಕಾಂಡದ ಬುಡವನ್ನು ಹೆಬ್ಬೆರಳಿನಿಂದ ಒತ್ತಿದಾಗ ಗಟ್ಟಿಯಾಗಿದ್ದರೆ ಗಾಬರಿಪಡಬೇಕಾಗಿಲ್ಲ. ಮೆತ್ತಗಾಗಿ ಕಪ್ಪಿಟ್ಟಿದ್ದರೆ ಕೊಳೆತ ಆರಂಭವಾಗಿದೆ.

ದೊಡ್ಡ ಕುಂಡ ಏಕೆ ಬೇಡ ಎಂದರೆ, ಈ ಗಿಡ ನೀರನ್ನು ಬಹಳ ನಿಧಾನವಾಗಿ ಬಳಸುತ್ತದೆ. ದಕ್ಷಿಣ ಆಫ್ರಿಕಾದ ಪೂರ್ವ ಭಾಗದ ಒಣ ಕಲ್ಲುಗುಡ್ಡಗಳಿಂದ ಬಂದ ಜೇಡ್, ಹಗಲಿನ ಬಿಸಿಲಿನಲ್ಲಿ ತನ್ನ ಎಲೆಗಳ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆದು, ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟುಕೊಂಡು ಮರುದಿನ ಬಳಸುತ್ತದೆ. ಹೀಗಾಗಿ ಅದು ಕಳೆದುಕೊಳ್ಳುವ ನೀರು ಅತ್ಯಲ್ಪ. 6 ಇಂಚಿನ ಬೇರಿನ ಗಡ್ಡೆಯನ್ನು 12 ಇಂಚಿನ ಕುಂಡದಲ್ಲಿಟ್ಟರೆ, ಸುತ್ತಲಿನ ಮಣ್ಣಿನ ತೇವವನ್ನು ಹೀರಲು ಅಲ್ಲಿ ಬೇರೇ ಇರುವುದಿಲ್ಲ. ಅದು ವಾರಗಟ್ಟಲೆ ಹಸಿಯಾಗಿಯೇ ಉಳಿದು, ಗಾಳಿಯಾಡದೆ ಬೇರು ಸಾಯುತ್ತದೆ. ಈಗಿನದಕ್ಕಿಂತ 1ರಿಂದ 2 ಇಂಚು ಅಗಲವಾದ, ತೀರಾ ಆಳವಿಲ್ಲದ ಮಣ್ಣಿನ ಕುಂಡವೇ ಉತ್ತಮ. ಮಣ್ಣಿನ ಕುಂಡದ ಗೋಡೆಯ ಮೂಲಕವೂ ತೇವ ಆರುತ್ತದೆ, ಮತ್ತು ಮೇಲ್ಭಾಗ ಭಾರವಿರುವ ಈ ಗಿಡ ಗಾಳಿಗೆ ಉರುಳದಂತೆ ಅದರ ತೂಕವೇ ಹಿಡಿದುಕೊಳ್ಳುತ್ತದೆ.

ಬೆಂಗಳೂರು, ಮೈಸೂರು ಭಾಗದಲ್ಲಿ ಫೆಬ್ರವರಿಯಿಂದ ಮಾರ್ಚ್ ಮಧ್ಯದವರೆಗಿನ ಅವಧಿಯನ್ನು ನಾನು ಕುಂಡ ಬದಲಿಸಲು ಆರಿಸುತ್ತೇನೆ. ಚಳಿ ಕಳೆದು ಗಿಡ ಚಿಗುರಲು ಸಿದ್ಧವಾಗಿರುತ್ತದೆ, ಗಾಳಿ ಒಣಗಿರುವುದರಿಂದ ಬೇರಿನ ಗಾಯ ಬೇಗ ಮಾಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬೆಂಗಳೂರಿಗೆ ಜೋರು ಮಳೆ ಬೀಳುವ ಕಾರಣ ಅವೂ ಸೂಕ್ತವಲ್ಲ. ಕರಾವಳಿಯವರು ಜನವರಿಯಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಎಳೆಯ ಗಿಡಕ್ಕೆ ಎರಡು ಮೂರು ವರ್ಷಕ್ಕೊಮ್ಮೆ, ಬಲಿತ ಗಿಡಕ್ಕೆ ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ತಳದ ತೂತಿನಿಂದ ಬೇರು ಹೊರಬಂದಿದ್ದರೆ, ಹಾಕಿದ ನೀರು ಮಣ್ಣಿನೊಳಗೆ ಇಳಿಯದೆ ಮೇಲೆಯೇ ನಿಲ್ಲುತ್ತಿದ್ದರೆ ಕಾಲ ಬಂದಿದೆ ಎಂದು ತಿಳಿಯಿರಿ.

ನಮ್ಮ ನರ್ಸರಿಗಳಲ್ಲಿ ಜೇಡ್ ಎಂದು ಮಾರುವ ಗಿಡ ಅನೇಕ ಸಲ ನೋಡಲು ಅದರಂತೆಯೇ ಇರುವ ಪೋರ್ಚುಲಕೇರಿಯಾ ಎಂಬ ಬೇರೆ ಗಿಡವಾಗಿರುತ್ತದೆ. ಬೆರಳಿನ ಉಗುರಿನಷ್ಟೇ ಚಿಕ್ಕ ಎಲೆ, ಕೆಂಪು ಮಿಶ್ರಿತ ಕಂದು ಕಾಂಡ ಅದರ ಗುರುತು. ಅದಕ್ಕೂ ಇದೇ ಕ್ರಮ ಅನ್ವಯಿಸುತ್ತದೆ.

ಮಣ್ಣಿನ ವಿಷಯದಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ನರ್ಸರಿಯಿಂದ ಬರುವ ಗಿಡಗಳು ಸಾಮಾನ್ಯವಾಗಿ ತೆಂಗಿನ ನಾರಿನ ಹುಡಿಯಾದ ಕೋಕೋಪೀಟ್‌ನಲ್ಲೋ ಅಂಟು ಕೆಮ್ಮಣ್ಣಿನಲ್ಲೋ ಇರುತ್ತವೆ. ಕೋಕೋಪೀಟ್ ಹಸಿಯಾದರೆ ಬಹುಕಾಲ ಆರುವುದಿಲ್ಲ; ಪೂರ್ತಿ ಒಣಗಿದರೆ ಕುಗ್ಗಿ ಕುಂಡದ ಅಂಚಿನಿಂದ ಬಿಟ್ಟುಕೊಳ್ಳುತ್ತದೆ. ಆಗ ಹಾಕಿದ ನೀರು ಪಕ್ಕದ ಸಂದಿನಲ್ಲಿ ಹರಿದು ತಳದಿಂದ ಹೊರಬಂದರೂ ನಡುವಿನ ಬೇರಿಗೆ ಹನಿಯೂ ತಲುಪಿರುವುದಿಲ್ಲ. ಆದ್ದರಿಂದ ನಾನು ಜೇಡ್‌ಗೆ ಕೋಕೋಪೀಟ್ ಬಳಸುವುದೇ ಇಲ್ಲ. ಒಂದು ಭಾಗ ಕೆಂಪು ಮಣ್ಣು, ಒಂದು ಭಾಗ ಚೆನ್ನಾಗಿ ಕಳಿತ ಎರೆಗೊಬ್ಬರ, ಎರಡು ಭಾಗ ದಪ್ಪ ಕಾಳಿನ ವಸ್ತು, ಮೇಲೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸುತ್ತೇನೆ. ದಪ್ಪ ಕಾಳಿಗೆ ಪರ್ಲೈಟ್ ಎಂಬ ಹಗುರವಾದ ಬಿಳಿ ಕಾಳು ಆಗಬಹುದು, ಸಿಂಡರ್ ಎಂದರೆ ಸುಟ್ಟ ಕಲ್ಲಿದ್ದಲಿನ ಚೂರು ಆಗಬಹುದು, ಹಳೆಯ ಇಟ್ಟಿಗೆಯನ್ನು ಕಡಲೆಕಾಳಿಗಿಂತ ಚಿಕ್ಕದಾಗಿ ಕುಟ್ಟಿ ಪುಡಿಯನ್ನು ಜರಡಿ ಹಿಡಿದು ತೆಗೆದರೂ ಆಗಬಹುದು. ಎಂ-ಸ್ಯಾಂಡ್ ಬಳಸುವುದಾದರೆ ಅದರಲ್ಲಿರುವ ಕಲ್ಲಿನ ನುಣ್ಣನೆ ಹುಡಿ ಹೋಗುವವರೆಗೆ ತೊಳೆಯಲೇಬೇಕು, ಇಲ್ಲದಿದ್ದರೆ ಮಣ್ಣು ಗಟ್ಟಿಯಾಗಿ ಕೂರುತ್ತದೆ. ಕುಂಡದ ತಳಕ್ಕೆ ಜಲ್ಲಿ ಹಾಸುವ ರೂಢಿಯನ್ನು ದಯವಿಟ್ಟು ಬಿಡಿ. ನುಣ್ಣನೆಯ ಮಣ್ಣಿನಿಂದ ಜಲ್ಲಿಗೆ ನೀರು ಸುಲಭವಾಗಿ ಇಳಿಯದೆ, ಜಲ್ಲಿಯ ಮೇಲಿನ ಪದರದಲ್ಲೇ ತೇವ ನಿಲ್ಲುತ್ತದೆ. ತೂತಿನ ಮೇಲೆ ಒಂದು ತುಂಡು ಸೊಳ್ಳೆ ಜಾಲರಿ ಇಟ್ಟರೆ ಸಾಕು.

ಬದಲಿಸುವುದಕ್ಕೆ ಒಂದು ವಾರ ಮೊದಲೇ ನೀರು ನಿಲ್ಲಿಸಿ. ಕಾಂಡವನ್ನು ಹಿಡಿದು ಎಳೆಯದೆ, ಪ್ಲಾಸ್ಟಿಕ್ ಕುಂಡದ ಬದಿಗಳನ್ನು ಅದುಮಿ, ಓರೆ ಮಾಡಿ, ಗಡ್ಡೆಯನ್ನು ಇಡಿಯಾಗಿ ಜಾರಿಸಿಕೊಳ್ಳಿ. ಹಳೆಯ ಮಣ್ಣನ್ನು ಬೆರಳಿನಿಂದ ಬಿಡಿಸುತ್ತಾ ಹೋದಾಗ ಕಾಂಡದ ಬುಡದಲ್ಲಿ ನರ್ಸರಿಯವರು ಸಸಿ ಬೆಳೆಸಲು ಬಳಸಿದ ಸಣ್ಣ ಬಲೆಯೋ ಸ್ಪಂಜೋ ಸಿಕ್ಕಿಕೊಂಡಿದ್ದರೆ ಕತ್ತರಿಸಿ ತೆಗೆಯಿರಿ. ಒಳ್ಳೆಯ ಬೇರು ಬಿಳಿಯಾಗಿ ಅಥವಾ ತಿಳಿ ಕಂದಾಗಿ ಗಟ್ಟಿಯಾಗಿರುತ್ತದೆ. ಕೊಳೆತ ಬೇರು ಕಪ್ಪಾಗಿ, ಎಳೆದರೆ ಸಿಪ್ಪೆ ಕಳಚಿ ಒಳಗಿನ ನಾರು ಮಾತ್ರ ಕೈಯಲ್ಲಿ ಉಳಿಯುತ್ತದೆ. ಬೇರಿನ ಮೇಲೆ ಹತ್ತಿಯಂತಹ ಬಿಳಿ ಪುಡಿ ಕಂಡರೆ ಅದು ಹಿಟ್ಟು ತಿಗಣೆ. ಮಣ್ಣನ್ನೆಲ್ಲ ಎಸೆದು, ಬೇರನ್ನು ತೊಳೆದು ನೆರಳಿನಲ್ಲಿ ಆರಿಸಬೇಕು. ಗಿಡವನ್ನು ಮೊದಲಿದ್ದಷ್ಟೇ ಆಳಕ್ಕೆ ಒಣ ಮಿಶ್ರಣದಲ್ಲಿ ನೆಡಿ, ಅಲುಗಾಡಿದರೆ ಕಡ್ಡಿಯ ಆಸರೆ ಕೊಡಿ.

ಆ ದಿನ ನೀರು ಹಾಕಬೇಡಿ. ಈ ಒಂದು ಮಾತನ್ನು ಪಾಲಿಸಲು ಹೆಚ್ಚಿನವರಿಗೆ ಮನಸ್ಸು ಬರುವುದಿಲ್ಲ, ಏಕೆಂದರೆ ನೆಟ್ಟ ಕೂಡಲೇ ನೀರು ಹಾಕುವುದು ನಮಗೆ ಅಭ್ಯಾಸವಾಗಿದೆ. ಜೇಡ್‌ನ ಎಲೆಯಲ್ಲೇ ನೀರಿನ ದಾಸ್ತಾನಿದೆ. ಮುರಿದ ಬೇರಿನ ಗಾಯ ಒಣಗುವ ಮುನ್ನ ಮಣ್ಣು ಹಸಿಯಾದರೆ ಕೊಳೆತ ಅಲ್ಲಿಂದಲೇ ಒಳನುಗ್ಗುತ್ತದೆ. ಐದರಿಂದ ಏಳು ದಿನ ಬಿಟ್ಟು, ತಳದಿಂದ ಹೊರಬರುವಷ್ಟು ಒಮ್ಮೆ ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ, ಮುಂದಿನ ಬಾರಿ ಕಡ್ಡಿ ಒಣಗಿ ಬಂದ ಮೇಲೆಯೇ ಹಾಕಿ. ಎರಡು ವಾರ ನೇರ ಬಿಸಿಲಿಲ್ಲದ ಬೆಳಕಿನಲ್ಲಿಟ್ಟು, ಅನಂತರ ಬೆಳಗಿನ ಬಿಸಿಲಿಗೆ ಸರಿಸಿ.

ನಿಮ್ಮ ಗಿಡದ ಬುಡ ಈಗಲೇ ಮೆತ್ತಗಿದ್ದರೆ ಮಳೆಗಾಲವೆಂದು ನೋಡಬೇಡಿ. ಕೊಳೆತ ಭಾಗವನ್ನು, ಕೊಯ್ದ ಜಾಗದಲ್ಲಿ ಕಂದು ಚುಕ್ಕೆಯೂ ಕಾಣದವರೆಗೆ, ಸ್ಪಿರಿಟ್‌ನಿಂದ ಒರೆಸಿದ ಚಾಕುವಿನಿಂದ ತೆಗೆದುಬಿಡಿ. ಉಳಿದ ಕೊಂಬೆಯನ್ನು ಮಳೆ ತಾಗದ, ಗಾಳಿಯಾಡುವ ಕಡೆ ಗಾಯ ಒಣಗಿ ಗಟ್ಟಿಯಾಗುವವರೆಗೆ ಇಡಿ. ಈ ಹವೆಯಲ್ಲಿ ಅದಕ್ಕೆ ಒಂದು ವಾರ ಬೇಕಾದೀತು. ಬೇರು ಒಂದೂ ಉಳಿಯದಿದ್ದರೂ ಗಟ್ಟಿ ಕೊಂಬೆ ಮತ್ತೆ ಬೇರು ಬಿಡುತ್ತದೆ. ಕಡ್ಡಿಯ ಪರೀಕ್ಷೆ ಮಾಡಿ, ಬುಡದ ಹತ್ತಿರದ ಚಿತ್ರವೊಂದನ್ನು ಇಲ್ಲಿ ಹಾಕಿದರೆ ಎಷ್ಟು ಕತ್ತರಿಸಬೇಕೆಂದು ಹೇಳುತ್ತೇನೆ.