ಜುಲೈನಲ್ಲಿ ಬಾದಾಮಿಯ ಅಕ್ಕ-ತಂಗಿ ಜಲಪಾತಕ್ಕೆ ಟ್ರೆಕ್ ಹೋಗಬಹುದೇ?

'ಮಲಪ್ರಭೆ ತುಂಬಿ ಹರಿಯುತ್ತಿದೆಯಂತೆ, ಹಾಗಾದರೆ ಜಲಪಾತವೂ ಜೋರಾಗಿರುತ್ತದೆ ಅಲ್ವಾ' ಅಂತ ನೀವು ಸೇರಿಸಿದ್ದೀರಲ್ಲ, ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಇದೇ ಲೆಕ್ಕಾಚಾರದಲ್ಲಿ ನಾನೂ ಆಫೀಸಿನ ಗೆಳೆಯರೂ ಒಂದು ಜುಲೈನಲ್ಲಿ ಬೆಂಗಳೂರಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದ್ದೆವು. ಟಿವಿಯಲ್ಲಿ ಉಕ್ಕುವ ಹೊಳೆ, ಮೊಬೈಲಿನಲ್ಲಿ ಕೆಂಪು ಬಂಡೆಯಿಂದ ಧುಮುಕುವ ಜೋಡಿ ಧಾರೆಯ ವಿಡಿಯೋ. ಇನ್ನೇನು ಬೇಕು?

ಬಾದಾಮಿ ಸ್ಟೇಷನ್‌ನಿಂದ ಊರು ಐದು ಕಿಲೋಮೀಟರ್. ಟಂಟಂ ಆಟೋ ಹತ್ತಿ, ಫಾಲ್ಸ್ ಹೇಗಿದೆ ಅಂತ ಕೇಳಿದೆ. ಓಡಿಸುವವರು ತಿರುಗಿಯೂ ನೋಡಲಿಲ್ಲ. 'ಈಗೆಲ್ಲಿ ನೀರ್ರೀ ಸರ? ಹೊಳಿಗೆ ಬಂದೈತಿ, ಗುಡ್ಡಕ್ಕ ಬಂದಿಲ್ಲ' ಅಂದರು. ತಮಾಷೆ ಅಂದುಕೊಂಡೆ.

ಅಗಸ್ತ್ಯ ತೀರ್ಥ ಅನ್ನುವ ಕೆರೆಯ ದಂಡೆ ಹಿಡಿದು ಭೂತನಾಥ ಗುಡಿಯವರೆಗೆ ನಡೆದರೆ ಬಂಡೆಯ ಮೇಲೆ ಕಂಡದ್ದು ನೀರು ಹರಿದ ಕಪ್ಪು ಗುರುತು ಮಾತ್ರ. ಅಲ್ಲಿಗೇ ವಾಪಸಾಗಬೇಕಿತ್ತು. ಗುಡ್ಡದ ಒಳಗೆ ಹೋದರೆ ಎಲ್ಲಾದರೂ ಹಳ್ಳ ಸಿಗುತ್ತದೆ ಅಂತ ಹಟ ಹಿಡಿದು, ಮಹಾಕೂಟದ ಗುಡಿಗಳ ಕಡೆಗಿನ ಕಾಲುದಾರಿ ಹಿಡಿಸಿದವನು ನಾನೇ. ಆಷಾಢದ ಗಾಳಿ ಮುಖಕ್ಕೆ ಬಡಿಯುತ್ತಿದ್ದರೆ ಬಿಸಿಲು ಗೊತ್ತೇ ಆಗುವುದಿಲ್ಲ. ಜಲಪಾತಕ್ಕೆ ಹೋಗುವವರು ನೀರು ಯಾಕೆ ಹೊರಬೇಕು ಅಂತ ತಲೆಗೊಂದು ಸಣ್ಣ ಬಾಟಲಿ ತಂದಿದ್ದೆವು. ಅರ್ಧ ದಾರಿಯಲ್ಲೇ ಒಬ್ಬನಿಗೆ ತಲೆ ಸುತ್ತಿ ವಾಂತಿ. ಮರುದಿನದ ಐಹೊಳೆ, ಪಟ್ಟದಕಲ್ಲು ಎಲ್ಲ ಬಿಟ್ಟು ಲಾಡ್ಜಿನಲ್ಲಿ ಅವನಿಗೆ ಓಆರ್‌ಎಸ್ ಕುಡಿಸುತ್ತ ಕೂತೆವು.

ಎಡವಿದ್ದು ಎಲ್ಲಿ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ನೀವು ಎಡವುತ್ತಿರುವುದೂ ಅಲ್ಲೇ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಪಶ್ಚಿಮಘಟ್ಟದಲ್ಲಿ. ಜುಲೈ-ಆಗಸ್ಟ್‌ನಲ್ಲಿ ಅಲ್ಲಿ ಸುರಿದ ನೀರು ಸವದತ್ತಿ ಹತ್ತಿರದ ನವಿಲುತೀರ್ಥ ಡ್ಯಾಮಿಗೆ ಬಂದು, ಗೇಟು ಎತ್ತಿದಾಗ ಕೆಳಗೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿದ್ದೂ ಈ ಹೊಳೆಯೇ. ಹೊಳೆ ಉಕ್ಕಲು ಬಾದಾಮಿಯಲ್ಲಿ ಮಳೆಯಾಗಬೇಕಂತಲೇ ಇಲ್ಲ. ಅಕ್ಕ-ತಂಗಿಗೆ ಮಾತ್ರ ಹಿಂದೆ ಯಾವ ನದಿಯೂ ಇಲ್ಲ. ಅದರ ನೆತ್ತಿಯ ಮೇಲಿನ ಮರಳುಗಲ್ಲಿನ ಗುಡ್ಡಕ್ಕೆ ಎಷ್ಟು ಮಳೆ ಬಿತ್ತೋ ಅಷ್ಟೇ ನೀರು. ಆ ಗುಡ್ಡ ಇರುವುದು ಮಳೆನೆರಳಿನಲ್ಲಿ. ಜುಲೈನಲ್ಲಿ ಮೋಡಗಳು ಗಾಳಿಯ ಜೊತೆ ಓಡಿಹೋಗುತ್ತವೆ. ವರ್ಷದ ಮಳೆಯೇ 600 ಮಿಲಿಮೀಟರ್ ಆಸುಪಾಸು, ಅದರಲ್ಲೂ ಹೆಚ್ಚು ಬೀಳುವುದು ಸೆಪ್ಟೆಂಬರ್‌ನಲ್ಲಿ. ಬಿದ್ದದ್ದೂ ನಿಲ್ಲುವುದಿಲ್ಲ. ಮಲೆನಾಡಿನಲ್ಲಿ ಕಾಡೂ ಮಣ್ಣೂ ನೀರು ಹಿಡಿದಿಟ್ಟು ತಿಂಗಳುಗಟ್ಟಲೆ ಬಿಡುತ್ತವೆ. ಇಲ್ಲಿ ಬೋಳು ಬಂಡೆ, ತಗಡಿನ ಮಾಡಿನ ಮೇಲೆ ಬಿದ್ದ ಹಾಗೆ ಒಮ್ಮೆಲೇ ಇಳಿದು ಮುಗಿಯುತ್ತದೆ.

ಹಾಗಾಗಿ 'ಯಾವ ತಿಂಗಳು' ಅನ್ನುವ ಪ್ರಶ್ನೆಯನ್ನೇ ಬಿಡಿ. ಇದು ಗಂಟೆಯ ಲೆಕ್ಕದ ಜಲಪಾತ. ನಾನು ಕೊನೆಗೂ ನೋಡಿದ್ದು ಅಮ್ಮನ ಹರಕೆ ತೀರಿಸಲು ಬಾದಾಮಿ ಪಕ್ಕದ ಬನಶಂಕರಿಗೆ ಹೋದಾಗ. ಉತ್ತರಿ ಮಳೆ, ಮಧ್ಯಾಹ್ನ ಊಟದ ಹೊತ್ತಿಗೆ ಶುರುವಾಗಿ ರಸ್ತೆಯೇ ಕಾಣದಷ್ಟು ಹೊಡೆಯಿತು. ನಿಂತ ಕೂಡಲೇ ಊರಿನ ಹುಡುಗರು, ಸೆರಗು ತಲೆಗೆ ಹೊದ್ದ ಹೆಂಗಸರು ಎಲ್ಲ ಕೆರೆ ಕಡೆ ಹೊರಟರು, ನಾವೂ ಹಿಂದೆಯೇ ಹೋದೆವು. ಅಕ್ಕನೂ ತಂಗಿಯೂ ಕೆಂಪು ನೀರಾಗಿ ಇಳಿಯುತ್ತಿದ್ದರು. ಆ ಸದ್ದಿನಲ್ಲಿ ಪಕ್ಕದಲ್ಲಿದ್ದ ಅಮ್ಮನ ಮಾತೂ ಕೇಳಿಸಲಿಲ್ಲ. ಮರುದಿನ ಬೆಳಿಗ್ಗೆ ಹೋದರೆ ಬಂಡೆ ಬರೀ ತೇವ.

ಟ್ರೆಕ್ ಅಂತ ಕೇಳಿದ್ದೀರಿ. ಇದು ಟ್ರೆಕ್ಕೇ ಅಲ್ಲ, ಕೆರೆ ದಂಡೆಯ ನಡಿಗೆ, ಅಜ್ಜಿಯರೂ ಬರುತ್ತಾರೆ. ಧಾರೆಯ ನೆತ್ತಿಗೆ ಹತ್ತಿ ರೀಲ್ ಮಾಡುವ ಯೋಚನೆಯಿದ್ದರೆ ದಯವಿಟ್ಟು ಬೇಡ. ಒಣಗಿದಾಗ ಗಟ್ಟಿ ಹಿಡಿತ ಕೊಡುವ ಅದೇ ಕಲ್ಲು ಪಾಚಿ ನೆನೆದರೆ ಕಾಲು ನಿಲ್ಲಗೊಡುವುದಿಲ್ಲ. ಕೆಳಗೆ ನಿಂತು ನೆನೆಯುವುದೂ ಬೇಡ, ಮೇಲಿಂದ ನೀರಿನ ಜೊತೆ ಕಲ್ಲೂ ಬರುತ್ತದೆ. ಈಜಲೇಬೇಕು ಅನ್ನಿಸಿದರೆ ಮಹಾಕೂಟಕ್ಕೆ ರಸ್ತೆಯಲ್ಲೇ ಹೋಗಿ, ಅಲ್ಲಿನ ಪುಷ್ಕರಿಣಿಗೆ ಊಟೆ ನೀರು, ಬೇಸಿಗೆಯಲ್ಲೂ ಇರುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಜುಲೈ ಟಿಕೆಟ್ ರದ್ದು ಮಾಡಿ ಸೆಪ್ಟೆಂಬರ್ ಕೊನೆಗೆ ಹೋಗುತ್ತಿದ್ದೆ. ಅದೂ ಜಲಪಾತಕ್ಕಂತ ಅಲ್ಲ, ಮೇಣಬಸದಿಗಳಿಗೆ, ಅಂದರೆ ಬಾದಾಮಿಯ ಗುಹಾ ದೇವಾಲಯಗಳಿಗೆ. ಚಾಲುಕ್ಯರ ಮಂಗಲೇಶ 578ರಲ್ಲಿ ಶಾಸನ ಬರೆಸಿದ ಮೂರನೇ ಗುಹೆಯೊಂದಕ್ಕೇ ಅರ್ಧ ದಿನ ಬೇಕು. ಬಾದಾಮಿ ಊರೊಳಗೇ ಉಳಿಯಿರಿ. ಮಳೆ ಬಂದರೆ ನೋಡುತ್ತಿದ್ದುದನ್ನು ಬಿಟ್ಟು ಕೆರೆಗೆ ಓಡಿ, ಬರದಿದ್ದರೂ ಪ್ರವಾಸ ಕೆಡುವುದಿಲ್ಲ. ತಿಂಡಿ ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡು ಹತ್ತಬೇಡಿ, ಅಲ್ಲಿನ ಮಂಗಗಳು ಕೈಯಿಂದಲೇ ಕಿತ್ತುಕೊಳ್ಳುತ್ತವೆ.

ಹುಲಿಗೆಮ್ಮನಕೊಳ್ಳ, ಸಿದ್ದನಕೊಳ್ಳ ಎರಡನ್ನೂ ಬದಲಿ ಅಂತ ಪಟ್ಟಿ ಮಾಡಿದ್ದೀರಿ. ಅವೂ ಇದೇ ಜಾತಿಯವು, ಮಳೆ ಇಲ್ಲದಿದ್ದರೆ ಅಲ್ಲೂ ಜೋರು ಧಾರೆ ಸಿಗುವುದಿಲ್ಲ. ಆದರೆ ಹುಲಿಗೆಮ್ಮನಕೊಳ್ಳದಲ್ಲಿ ಚಾಲುಕ್ಯರ ಕಾಲದ ಪುಟ್ಟ ಗುಡಿಗಳ ಸಾಲಿದೆ, ಪಟ್ಟದಕಲ್ಲಿಗೆ ಹೋಗುವಾಗ ಇಳಿದು ನೋಡಿ, ಧಾರೆ ಇಲ್ಲದಿದ್ದರೂ ಪರವಾಗಿಲ್ಲ.