ಹದಿನೆಂಟು ತುಂಬುವ ಮೊದಲು

ಪ್ರಶ್ನೆ: ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಮೂರು ವರ್ಷಗಳಿಂದ ಫಾಸ್ಟರ್ ಕೇರ್ (ದತ್ತು ಪಡೆಯದೆ ಮಗುವನ್ನು ಮನೆಯಲ್ಲಿಟ್ಟು ಸಾಕುವ) ವ್ಯವಸ್ಥೆಯಲ್ಲಿ ನಮ್ಮ ಮನೆಯಲ್ಲಿರುವ ಹುಡುಗನಿಗೆ ಈಗ 16 ವರ್ಷ. ಅವನು ಶಾಶ್ವತವಾಗಿ ನಮ್ಮವನಾಗಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಆಗಬಹುದು, ಆದರೆ ತಡ ಮಾಡಬೇಡಿ, 18 ತುಂಬಿದ ಮೇಲೆ ಬಾಲನ್ಯಾಯ ಕಾಯ್ದೆಯಡಿ ದತ್ತು ಸಾಧ್ಯವಿಲ್ಲ. ಸಾಕುತ್ತಿರುವ ಕುಟುಂಬವೇ ಮಗುವನ್ನು ದತ್ತು ಪಡೆಯಲು ಮೊದಲು ಐದು ವರ್ಷವಿದ್ದ ಪೋಷಣೆಯ ಅವಧಿಯನ್ನು 2024ರ ಕೇಂದ್ರ ಮಾರ್ಗಸೂಚಿಯು ಎರಡು ವರ್ಷಕ್ಕೆ ಇಳಿಸಿರುವುದರಿಂದ, ಅವನು ದತ್ತು ನೀಡಲು ಕಾನೂನುಬದ್ಧವಾಗಿ ಮುಕ್ತನೆಂದು ಸಮಿತಿಯು ಘೋಷಿಸಿದ್ದರೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕೂಡಲೇ ಭೇಟಿಯಾಗಿ. ದತ್ತು ಆದೇಶವನ್ನು ಜಿಲ್ಲಾಧಿಕಾರಿಗಳು ನೀಡುತ್ತಾರೆ.

ಹುಡುಗನ ಒಪ್ಪಿಗೆಯೂ ಬೇಕು. ಹೆತ್ತವರ ನೆನಪನ್ನು ಎದೆಯಲ್ಲಿಟ್ಟುಕೊಂಡ ಅವನು ‘ಬೇಡ’ ಎಂದರೆ, ದಯವಿಟ್ಟು ಅದನ್ನು ನಿಮ್ಮ ಪ್ರೀತಿಯ ನಿರಾಕರಣೆಯೆಂದು ಭಾವಿಸಬೇಡಿ. ಆಗಲೂ ಅಜ್ಜಿ, ಸೋದರಮಾವ, ಬೇರೆಡೆ ಬೆಳೆಯುತ್ತಿರುವ ಒಡಹುಟ್ಟಿದವರು ಯಾರಾದರೂ ಇದ್ದರೆ ಸಮಿತಿಯ ಮೂಲಕ ಅವರನ್ನು ಹುಡುಕಿಸಿ, ಮತ್ತು ಹಬ್ಬಕ್ಕೂ ಕಷ್ಟಕ್ಕೂ ಈ ಮನೆಯ ಬಾಗಿಲು ತೆರೆದಿರುತ್ತದೆ ಎಂಬುದನ್ನು ಅವನಿಗೆ ಇಂದೇ ಹೇಳಿ.